ಕರಿ ನಾಲ್ಕು

ಸಾವುಕಾರ ಪ್ರಭುಲಿಂಗಪ್ಪನವರ ಕಾಲಪೇಟಿ ಗಜೇಂದ್ರಗಡದಿಂದ ರೋಣಕ್ಕೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂತು. ಅದರ ಆಚೆ ಮಗ್ಗುಲಿಗೆ ರಿಪೇರಿ ಮಾಡಿದ ಗೌಸುಸಾಬ, ಈಚೆ ಮಗ್ಗುಲಿಗೆ ನಾನು.

"ಅಜ್ಜಾ, ನಡುವ ಕುಂತಾರಲ್ಲ, ಇವರ್ಯಾರು? ಟಿಕೆಟ್ ಯಾರು ತಗೋತೀರಿ?" ಎಂದು ಕಂಡಕ್ಟರ್ ಕೇಳಿದ.

"ನಮ್ಮ ಹಿರ್ಯಾರಪಾ," ಎಂದ ಗೌಸುಸಾಬ. "ತುಳದ್ರಷ್ಟ ಮಾತಾಡ್ತಾರ. ಇಲ್ಲಂದ್ರ ಗಪ್ಪ."

ಬಸ್ಸೆಲ್ಲ ನಕ್ಕಿತು. ಲಗೇಜು ಟಿಕೆಟ್ ಹರಿಸಿಕೊಂಡು ಬಂದೆವು.

ಕಾಲಪೇಟಿ ಎಂದರೆ ಕಾಲಿನಿಂದ ತುಳಿದು ಗಾಳಿ ತುಂಬುವ ಹಾರ್ಮೋನಿಯಂ. ನಮ್ಮ ಕಡೆ ನಾಟಕ ಎಂದರೆ ಒಂದು ಕಾಲಕ್ಕೆ ಅದೇ. ಈಗ ಕೀಬೋರ್ಡ್ ಬಂದಿದೆ, ತಬಲಾದ ಜಾಗಕ್ಕೆ ಪ್ಯಾಡ್ ಬಂದಿದೆ, ಎರಡನ್ನೂ ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಹೋಗಬಹುದು. ಅದನ್ನು ನಾನು ದೂರುವವನಲ್ಲ. ಊರ ನಾಟಕಗಳಿಗೆ ಸೀನ್ಸ್ ಬಾಡಿಗೆ ಕೊಡುವುದು ನನ್ನ ಉದ್ಯೋಗ. ಅರಮನೆ, ಕಾಡು, ಬೀದಿ, ಜೇಲು ಎಲ್ಲ ನನ್ನ ಹತ್ತಿರ ಇವೆ. ಅವೂ ಮೊದಲು ಬಟ್ಟೆಯವಾಗಿದ್ದವು, ಈಗ ಫ್ಲೆಕ್ಸಿನವು.

ಪೇಟಿ ತಂದದ್ದು ನಿರ್ಮಲಾಳ ಸನ್ಮಾನಕ್ಕೆ. ನಿರ್ಮಲಾ ನಮ್ಮ ಗಜೇಂದ್ರಗಡದವಳು, ನೇಕಾರರ ಮನೆಯ ಹೆಣ್ಣುಮಗಳು. ಹದಿನಾರರ ಹರೆಯದಿಂದ ಬಣ್ಣ ಹಚ್ಚುತ್ತ ಬಂದವಳು ಈಗ ಐವತ್ತು ದಾಟಿದ್ದಾಳೆ. ಆದರೂ ನಾಟಕದ ನಾಯಕಿಯ ಪಾರ್ಟು ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಕಾರಣ ಅವಳ ದನಿ. ಪೇಟಿಯ ಮೇಲೆ ಕರಿ ಮನೆ, ಬಿಳಿ ಮನೆ ಎಂದು ಎರಡು ಸಾಲು ಇರುತ್ತವೆ. ಹಾಡುವವರು ತಮ್ಮ ದನಿಗೆ ತಕ್ಕ ಒಂದು ಮನೆಯನ್ನು ಷಡ್ಜ, ಅಂದರೆ ಮೊದಲ ಸ್ವರ, ಮಾಡಿಕೊಂಡು ಹಾಡುತ್ತಾರೆ. ನಿರ್ಮಲಾಳದು ನಾಲ್ಕನೆಯ ಕರಿ ಮನೆ, ಬಹಳ ಎತ್ತರದ ದನಿ. ಅಲ್ಲಿ ನಿಂತು ಮತ್ತೆ ಮೇಲೆ ಏರುವ ಹೆಂಗಸು ಈ ಮೂರು ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ ಎಂದು ಜನ ಹೇಳುತ್ತಿದ್ದರು. ಸನ್ಮಾನದ ಬ್ಯಾನರಿನ ಮೇಲೂ ಅದನ್ನೇ ಬರೆಸಿದ್ದರು: "ಕರಿ ನಾಲ್ಕರ ಕೋಗಿಲೆ ನಿರ್ಮಲಾ ಗಜೇಂದ್ರಗಡ."

ಅವಳಿಗೆ ಒಂದು ಪದ್ಧತಿ ಇತ್ತು. ಹಾಡುವ ಮೊದಲು ತಾನೇ ಮುಂದೆ ಬಾಗಿ ತನ್ನ ಮನೆಯನ್ನು ಬೆರಳಿನಿಂದ ಒಮ್ಮೆ ಒತ್ತಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಪೇಟಿ ಇರಲಿ, ಕೀಬೋರ್ಡ್ ಇರಲಿ, ಅದು ತಪ್ಪಿದ್ದನ್ನು ನಾನು ನೋಡಿಲ್ಲ.

ಕಾಲಪೇಟಿಯೇ ಬೇಕು ಎಂದು ಹಟ ಹಿಡಿದವರು ಪ್ರಭುಲಿಂಗಪ್ಪನವರು. ಅವರದು ರೋಣದ ಮಾರ್ಕೆಟ್ಟಿನಲ್ಲಿ ಕಡಲೆ, ಜೋಳದ ಅಡತಿ ಅಂಗಡಿ. ತಂದೆಯ ಕಾಲದ ಪೇಟಿ ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಬೇಡ ಎಂದವನು ಒಬ್ಬನೇ, ನಿರ್ಮಲಾಳ ಜೊತೆ ಕೀಬೋರ್ಡ್ ನುಡಿಸುವ ಅನಿಲಕುಮಾರ.

"ಸಾವಕಾರ್ರ, ಹಳೇ ಪೇಟಿ ಮೈಕಿಗೆ ಕೂಡೂದಿಲ್ರಿ."

"ನಮ್ಮಪ್ಪನ ಕಾಲದಾಗ ಮೈಕ ಇಲ್ದನ ಊರಿಗೆಲ್ಲಾ ಕೇಳತಿತ್ತೋ. ನಿನಗ ತುಳಿಯಾಕ ಬ್ಯಾಸರ ಅಂತ ಹೇಳು."

ಅನಿಲನ ಮೋರೆ ಬಿಳಿಚಿತು. ಆಗ ನನಗೆ ಅದರ ಅರ್ಥ ಆಗಲಿಲ್ಲ.

ಸನ್ಮಾನದ ಹಿಂದಿನ ದಿನ ಮಧ್ಯಾಹ್ನ, ಅಡತಿ ಅಂಗಡಿಯೊಳಗೆ ಕಡಲೆ ಚೀಲಗಳ ನಡುವೆ ಜಾಗ ಮಾಡಿ ತಾಲೀಮಿಗೆ ಕೂತೆವು. ಸಾವುಕಾರರು, ಗೌಸುಸಾಬ, ಅನಿಲ, ನಿರ್ಮಲಾ, ನಾನು, ಐವರೇ. ಅನಿಲ ಪೇಟಿ ತುಳಿದ. ಎಷ್ಟೋ ವರ್ಷ ಸುಮ್ಮನಿದ್ದ ಪೇಟಿ ತುಂಬಿದ ಕೊಡದ ಹಾಗೆ ಗಂಭೀರವಾಗಿ ಎದ್ದಿತು. ಗೌಸುಸಾಬ ಕಣ್ಣು ಮುಚ್ಚಿದ. ನಿರ್ಮಲಾ ಬಾಗಿ ಕರಿ ನಾಲ್ಕನ್ನು ಒತ್ತಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

"ದೀಪ ಹಚ್ಚಲೇ ಸಖಿ, ಹೊತ್ತು ಮುಳುಗಿತಲ್ಲ" ಎಂಬುದು ಅವಳ ಹೆಸರುವಾಸಿ ಹಾಡು. "ಹೊತ್ತು" ಎನ್ನುವಲ್ಲಿ ಮೇಲಿನ ಷಡ್ಜಕ್ಕೆ ಏರಬೇಕು. ಮೊದಲ ಸಾಲಿಗೇ ಅವಳ ಕೊರಳಿನ ನರ ಎದ್ದವು. ನಾನು ಅವಳನ್ನು ಹಾಗೆ ನೋಡಿದವನಲ್ಲ. "ಹೊತ್ತು" ಎಂದಳು. ಹಳೆಯ ಪರದೆ ಗಾಳಿಗೆ ಸೀಳಿದ ಹಾಗೆ ದನಿ ಸೀಳಿತು.

ಹೊರಗೆ ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ಒಳಗೆ ಇಣುಕಿದರು.

"ನೀರು ತರ್ರಿ," ಎಂದರು ಸಾವುಕಾರರು.

ನೀರು ಕುಡಿದಳು. ಮತ್ತೆ ಹಾಡಿದಳು. ಅಲ್ಲೇ, ಅದೇ ಅಕ್ಷರಕ್ಕೆ ಸೀಳಿತು. ಇನ್ನೊಮ್ಮೆ ಏರಲು ಹೋದಾಗ ದನಿಯೇ ಬರಲಿಲ್ಲ, ಬರೀ ಗಾಳಿ ಬಂತು. ತಾಳಿ ಕಳೆದುಕೊಂಡವಳ ಹಾಗೆ ಅವಳ ಕೈ ಕೊರಳಿಗೆ ಹೋಯಿತು.

"ಏನಾತು ನನಗ?" ಎಂದಳು. ಕೇಳಿದ್ದು ಯಾರನ್ನೋ ಗೊತ್ತಿಲ್ಲ. "ಮೊನ್ನಿ ಕೊಣ್ಣೂರಾಗ ಹಾಡೀನಲ್ಲ. ನೀರ ಕುಡದಂಗ ಹಾಡೀನಿ. ಏನಾತು?"

"ದವಾಖಾನಿಗೆ ಹೋಗೂಣು, ನಿರ್ಮಲಾಬಾಯಿ," ಎಂದ ಸಾವುಕಾರರು ತಕ್ಷಣ ತಮ್ಮ ಮಾತನ್ನೇ ತಡೆದರು. ವ್ಯಾಪಾರಸ್ಥರ ಬುದ್ಧಿ, ಮಾಲು ಕೆಟ್ಟಿದೆ ಎನ್ನುವ ಮೊದಲು ತಕ್ಕಡಿ ನೋಡುತ್ತಾರೆ. "ತಡೀರಿ. ಅನಿಲಾ, ನಿನ್ನ ಕೀಬೋರ್ಡ್ ತಂದೀಯಲ್ಲ, ತಗಿ. ಅದರಾಗ ಹಾಡಿ ನೋಡ್ರಿ."

ಅನಿಲ ಕೀಬೋರ್ಡ್ ಜೋಡಿಸಿದ. ಸ್ವಿಚ್ ಒತ್ತಿದ ಮೇಲೆ ಅವನ ಹೆಬ್ಬೆರಳು ಎಡಗಡೆಯ ಒಂದು ಸಣ್ಣ ಗುಂಡಿಯ ಮೇಲೆ ಟಕಟಕ ಆಡಿತು. ದನಿ ಹೆಚ್ಚು ಕಡಿಮೆ ಮಾಡುತ್ತಿರಬೇಕು ಎಂದುಕೊಂಡೆ. ನಿರ್ಮಲಾ ಕರಿ ನಾಲ್ಕು ಒತ್ತಿದಳು, ಕಣ್ಣಿಗೆ ಒತ್ತಿಕೊಂಡಳು, ಹಾಡಿದಳು. "ಹೊತ್ತು" ಎಂದಾಗ ಆ ಸ್ವರ ಬೆಣ್ಣೆಯ ಹಾಗೆ ಬಂದು ನಿಂತಿತು. ನಿಂತೇ ಇತ್ತು. ಹಮಾಲರು ಹೊರಗಿನಿಂದ "ವ್ಹಾ!" ಎಂದರು.

ನಿರ್ಮಲಾ ಅತ್ತುಬಿಟ್ಟಳು. ನನಗೂ ಹೋದ ಜೀವ ಬಂದ ಹಾಗಾಯಿತು. ಆದರೆ ಸಾವುಕಾರರು ಗೌಸುಸಾಬನ ಕಡೆಗೆ ತಿರುಗಿದರು.

"ಅಲ್ಲೋ ಗೌಸುಸಾಬ, ನಮ್ಮಪ್ಪನ ಪೇಟಿ ಏನ ಮಾಡಿಟ್ಟಿ? ಸ್ವರಾ ಮ್ಯಾಲೆ ಏರಿಸಿ ಆಕಿ ಜೀವಾ ತಗೀತಿದ್ದೆಲ್ಲ!"

ಗೌಸುಸಾಬನಿಗೆ ಎಪ್ಪತ್ತು ದಾಟಿದೆ. ಗಜೇಂದ್ರಗಡದಿಂದ ನರಗುಂದದವರೆಗೆ ಯಾವ ಗುಡಿಯ, ಯಾವ ಮಠದ ಪೇಟಿ ಕೆಟ್ಟರೂ ಅವನ ಮನೆಗೇ ಹೋಗುತ್ತದೆ. ಅವನು ಎದ್ದು ಬಂದು ಕೀಬೋರ್ಡಿನ ಕರಿ ನಾಲ್ಕು ಒತ್ತಿದ, ಪೇಟಿಯ ಕರಿ ನಾಲ್ಕು ಒತ್ತಿದ. ಎರಡೂ ಬೇರೆ ಬೇರೆ ಕೂಗಿದವು. ಪೇಟಿ ಎಷ್ಟೋ ಮೇಲಿತ್ತು. ಮುದುಕ ಮತ್ತೆ ಒತ್ತಿ ನೋಡಿದ. ಅವನ ಮೋರೆ ನೋಡಲಾಗದ ಹಾಗಾಯಿತು.

"ಸಾವಕಾರ್ರ, ನಾ ಸರಿ ಮಾಡೇನಿ ಅಂದಕೊಂಡಿದ್ನಿರಿ. ಮಷೀನ್ ಸುಳ್ಳ ಹೇಳೂದಿಲ್ಲ. ನನ್ನ ಕಿವಿನ ಸತ್ತಾವ."

"ಹೋಗ್ಲಿ ಬಿಡು ಚಾಚಾ, ವಯಸ್ಸಾತು," ಎಂದಳು ನಿರ್ಮಲಾ. ಅವಳ ದನಿ ಅವಳಿಗೆ ಸಿಕ್ಕಿತ್ತು, ಈಗ ಅವಳು ಉದಾರಿ.

"ಮನ್ಯಾಗ ಕೊಣ್ಣೂರ ಮಠದ ಪೇಟಿ ಐತಿ, ಹಂಗ ಹೊಳ್ಳಿ ಕೊಡ್ತೀನಿ," ಎಂದು ಗೌಸುಸಾಬ ತನ್ನಷ್ಟಕ್ಕೇ ಹೇಳಿಕೊಂಡ. "ಇನ್ನ ಮುಟ್ಟೂದಿಲ್ಲ. ಇದೊಂದು ಇಳಿಸಿ ಕೊಟ್ಟ ಹೋಗ್ತೀನಿ."

ಅವನು ಪೇಟಿಯ ಮೇಲಿನ ಹಲಗೆ ಬಿಚ್ಚಿದ. ಒಳಗೆ ಹಿತ್ತಾಳೆಯ ನಾಲಿಗೆಗಳು ಸಾಲಾಗಿ ಮಲಗಿದ್ದವು. ಆ ನಾಲಿಗೆಯ ಬುಡವನ್ನು ಅರದಿಂದ ಕೆರೆದರೆ ಸ್ವರ ಕೆಳಗೆ ಇಳಿಯುತ್ತದೆ, ಕೆರೆದ ಹಿತ್ತಾಳೆ ಮಾತ್ರ ತಿರುಗಿ ಬರುವುದಿಲ್ಲ. ಕೀಬೋರ್ಡಿಗೆ ಕೂಡಿಸಲು ಅವನ್ನೆಲ್ಲ ಕೆರೆಯಬೇಕು. ಗೌಸುಸಾಬ ಚೀಲದಿಂದ ಸಣ್ಣ ಅರ ತೆಗೆದ. ಬಿಸ್ಮಿಲ್ಲಾ ಎಂದ. ಮೊದಲ ನಾಲಿಗೆಗೆ ಅರ ಇಟ್ಟು ಒಮ್ಮೆ ಎಳೆದ.

"ಚಾಚಾ, ಬ್ಯಾಡ!"

ಅನಿಲ ಕೂಗಿದ ರಭಸಕ್ಕೆ ಮುದುಕನ ಕೈಯಿಂದ ಅರ ಕೆಳಗೆ ಬಿತ್ತು.

"ಬ್ಯಾಡ. ನಿಮ್ಮ ಪೇಟಿ ಸರಿ ಐತಿ. ಸುಳ್ಳ ಹೇಳಾಕತ್ತಿದ್ದು ಇದು," ಎಂದು ಕೀಬೋರ್ಡ್ ಮುಟ್ಟಿದ. "ಇದರಾಗ ಒಂದು ಬಟನ್ ಐತಿ. ಅದನ್ನ ಒತ್ತಿದ್ರ ಬೆರಳ ಕರಿ ನಾಕರ ಮ್ಯಾಲನ ಇರತಾವ, ದನಿ ಕೆಳಗಿಂದು ಬರ್ತೈತಿ."

ನನಗೆ ತಕ್ಷಣ ತಿಳಿಯಲಿಲ್ಲ. ಗೌಸುಸಾಬನಿಗೆ ತಿಳಿಯಿತು, ಅವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ನಿರ್ಮಲಾಳಿಗೂ ತಿಳಿಯಿತು. ಅವಳು ಅಲುಗಲಿಲ್ಲ.

"ಎಷ್ಟ ಕೆಳಗ?" ಎಂದಳು.

"ಅಕ್ಕಾ..."

"ಎಷ್ಟಲೇ?"

"ಬಿಳಿ ಮೂರು."

ನಡುವೆ ಕರಿ, ಬಿಳಿ ಕೂಡಿ ಮೂರು ಮನೆ ಬಿಟ್ಟು ನಾಲ್ಕನೆಯದು. ಮಹಡಿಯ ಮೇಲೆ ನಿಂತಿದ್ದೇನೆ ಎಂದುಕೊಂಡವಳಿಗೆ ಕಾಲ ಕೆಳಗೆ ಅಂಗಳದ ಮಣ್ಣು ತಗುಲಿದರೆ ಹೇಗಿರಬೇಕು, ಅವಳ ಮುಖ ಹಾಗಿತ್ತು.

"ಯಾವಾಗಿಂದ?"

"ನಿಮಗ ಟೈಫಾಯ್ಡ್ ಆತಲ್ಲ, ಆ ವರ್ಷದಿಂದ. ಒಮ್ಮಿಲೇ ಇಳಿಸಿಲ್ಲಕ್ಕಾ. ಒಂದ ಮನಿ ಇಳಿಸಿದೆ. ಒಂದೆರಡ ವರ್ಷ ಬಿಟ್ಟು ಮತ್ತೊಂದು. ಕೊಣ್ಣೂರಾಗ ಆ ವರ್ಷ ನಿಮ್ಮ ದನಿ ಒಡದಾಗ ಪರದೆ ಹಿಂದ ಅತ್ತಿರಿ. ಕರಿ ನಾಕು ಹೋದ ದಿನ ಬಣ್ಣ ಹಚ್ಚೂದಿಲ್ಲ ಅಂದ್ರಿ. ನನ್ನನ್ನ ಮೊದಲ ಪೇಟಿ ಮುಂದ ಕುಂಡ್ರಿಸಿದಾಕಿ ನೀವು. ನನಗ ಮತ್ತೇನ ತಿಳೀಲಿಲ್ಲ."

ಒಂದು ತಬಲಾ ಇದ್ದಿದ್ದರೆ ಇದು ಒಂದು ದಿನವೂ ನಡೆಯುತ್ತಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ತಬಲಾ ನುಡಿಸುವವನು ಹಾಡುವವರ ಷಡ್ಜಕ್ಕೆ ಸುತ್ತಿಗೆ ಬಡಿದು ಕೂಡಿಸಬೇಕು. ಅವನಿಗೆ ಮೊದಲ ಏಟಿಗೇ ಗೊತ್ತಾಗುತ್ತಿತ್ತು. ಪ್ಯಾಡಿಗೆ ಯಾರ ಷಡ್ಜವೂ ಬೇಕಿಲ್ಲ. ನಿರ್ಮಲಾಳ ಮನೆಯಲ್ಲಿ ಪೇಟಿಯೂ ಇಲ್ಲ, ಅನಿಲನೇ ಕೀಬೋರ್ಡ್ ತಂದು ಅಭ್ಯಾಸ ಮಾಡಿಸುತ್ತಿದ್ದ. ಅಷ್ಟು ವರ್ಷ, ಅಷ್ಟು ಊರು, ಯಾರಿಗೂ ಗೊತ್ತಾಗಲಿಲ್ಲ.

ಸಾವುಕಾರರು ಎದ್ದು ಅಂಗಡಿಯ ಬಾಗಿಲು ಮುಚ್ಚಿ ಬಂದರು.

"ಕೇಳ್ರಿಲ್ಲೆ. ಗೊತ್ತಿದ್ದವರು ನಾವು ಐದ ಮಂದಿ. ಬ್ಯಾನರ್ ಹಾಕೇತಿ, ಮಂದಿಗೆ ಹೇಳೇತಿ. ನಾಳೆ ಕೀಬೋರ್ಡನ ಇಡೂಣು. ಪೇಟಿ ಬರೇ ಸ್ಟೇಜ್ ಮ್ಯಾಲೆ ಚೆಂದಕ್ಕ ಇರ್ಲಿ. ಮಾತ ಇಲ್ಲಿಗೇ ಮುಗೀತು."

ಅದು ಚಲೋ ಉಪಾಯವೇ. ನಾನೂ ತಲೆಯಾಡಿಸಿದೆ. ನಿರ್ಮಲಾ ಚೀಲ ತೆಗೆದುಕೊಂಡು, ಯಾರನ್ನೂ ನೋಡದೆ ಬಾಗಿಲು ತಳ್ಳಿ ಹೊರಗೆ ಹೋದಳು.

ಬಸ್‌ಸ್ಟ್ಯಾಂಡಿನಲ್ಲಿ ಅವಳ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಚಹಾ ತಂದು ಕೊಟ್ಟೆ. ಹಿಡಿದುಕೊಂಡಳು, ಕುಡಿಯಲಿಲ್ಲ.

"ಹೇಮಣ್ಣ," ಎಂದಳು, "ನಿನ್ನ ಪರದೆ ಮ್ಯಾಲಿನ ಅರಮನಿ ಖರೇ ಅಂತ ತಿಳದು ಅದರಾಗ ಒಲಿ ಹೂಡಿದ್ನಲ್ಲೋ ನಾನು."

"ತಂಗಿ, ಮಂದಿಗೆ ಮನಿ ನಂಬರ್ ಕೇಳಸೂದಿಲ್ಲ. ಹಾಡು ಕೇಳಸ್ತೈತಿ. ಅಂವ ಮಾಡಿದ್ದು ನಿನ್ನ ಒಳ್ಳೇದಕ್ಕ."

"ಅದು ನನಗೂ ಗೊತ್ತೈತಿ. ಬಾಯಿ ತುಂಬ ಬೈಯಾಕೂ ಬರದಂಗ ಮಾಡ್ಯಾನಲ್ಲ, ಅದ ಸಿಟ್ಟು." ಚಹಾದ ಕಪ್ಪು ತಿರುಗಿಸುತ್ತ ಕೇಳಿದಳು, "ನರಗುಂದದ ನಾಟಕದಾಗ ಕಮರಕ್ಕಗ ನಾ ಏನಂದಿದ್ದೆ, ನೆನಪೈತೇನು?"

ನೆನಪಿತ್ತು. ಕಮರುನ್ನಿಸಾ ನರಗುಂದದವಳು, ಒಂದು ಕಾಲಕ್ಕೆ ನಿರ್ಮಲಾಳ ಸರಿಜೋಡಿ ಹಾಡುಗಾರ್ತಿ. ಮೂರು ವರ್ಷದ ಹಿಂದೆ ಎಲ್ಲರೆದುರು ತಾಲೀಮಿನಲ್ಲಿ ಆಕೆ ನಾಚಿಕೆ ಬಿಟ್ಟು, "ಮಾಸ್ತರ, ಈಗ ದನಿ ಏರೂದಿಲ್ಲ, ನಂದು ಬಿಳಿ ಐದು ಹಿಡೀರಿ," ಎಂದಿದ್ದಳು. ಕರಿ ನಾಲ್ಕಕ್ಕಿಂತ ಒಂದೇ ಮನೆ ಕೆಳಗೆ. ನಿರ್ಮಲಾ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. "ಬಿಳಿಗೆ ಇಳದಾಕಿ ಇನ್ನ ಮನಿಗೂ ಇಳೀಬಹುದು" ಎಂದಿದ್ದಳು. ಮಾತು ಊರೂರು ತಿರುಗಿತು. ಕಮರುನ್ನಿಸಾಳನ್ನು ನಾಟಕಕ್ಕೆ ಕರೆಯುವುದನ್ನು ಜನ ಬಿಟ್ಟರು.

"ಟೈಫಾಯ್ಡ್ ಆಗಿದ್ದು ಅದಕ್ಕಿಂತ ಮೊದಲೋ, ಆಮ್ಯಾಲೋ?" ಎಂದು ಕೇಳಿದಳು.

ನಾನು ಲೆಕ್ಕ ಹಾಕಿದೆ. ಮೊದಲು. ಎಷ್ಟೋ ಮೊದಲು. ಆ ಹೊತ್ತಿಗೆ ಅನಿಲ ಎರಡು ಮನೆಯಾದರೂ ಇಳಿಸಿರಬೇಕು. ನಿರ್ಮಲಾ ನಕ್ಕ ಆ ದಿನವೇ ಅವಳ ದನಿ ಕಮರುನ್ನಿಸಾಳಿಗಿಂತ ಕೆಳಗಿತ್ತು.

ನಾನು ಹೇಳುವ ಮೊದಲೇ ನನ್ನ ಮೋರೆ ನೋಡಿ ತಿಳಿದುಕೊಂಡಳು. ಕೈಯಲ್ಲಿನ ಚಹಾ ಚೆಲ್ಲಿತು.

ಗಜೇಂದ್ರಗಡದ ಬಸ್ಸು ಬಂದು ಹೋಯಿತು. ಅವಳು ಏಳಲಿಲ್ಲ. ಆಮೇಲೆ ನರಗುಂದದ ಬಸ್ಸು ಬಂತು. ಸರಕ್ಕನೆ ಎದ್ದು ಹತ್ತಿದಳು.

"ಅದು ನರಗುಂದಕ್ಕ ಹೋಗ್ತೈತಿ, ತಂಗಿ!"

"ಬೋರ್ಡ್ ಓದಾಕ ಬರ್ತೈತಿ ನನಗ," ಎಂದಳು ಕಿಟಕಿಯಿಂದ.

ನಾನು ಅಂಗಡಿಗೆ ಮರಳಿದೆ. ಸುದ್ದಿ ಕೇಳಿ ಸಾವುಕಾರರು ಚೀಲದ ಮೇಲೆ ಕುಸಿದು ಕೂತರು. "ನಾಳೆ ಬರ್ತಾಳೋ ಇಲ್ಲೋ?" ಎಂದರು. ಅನಿಲ ಕಾಲಪೇಟಿಯ ಮುಂದೆ ಕೂತಿದ್ದ. ಬಿಳಿ ಮೂರು ಹಿಡಿದು ಅದೇ ಹಾಡು ನುಡಿಸಲು ನೋಡುತ್ತಿದ್ದ, ಬೆರಳು ತಪ್ಪುತ್ತಿದ್ದವು. ಅವಳ ಎಲ್ಲ ಹಾಡನ್ನೂ ಅವನು ಕರಿ ನಾಲ್ಕರಿಂದಲೇ ಕಲಿತವನು. ಇಳಿಸುವ ಕೆಲಸ ಬಟನ್ನಿನದಾಗಿತ್ತು, ಬೆರಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ.

"ಖೋಡಿ, ಮಧ್ಯಮಕ್ಕ ಕರಿ ಹಿಡೀತಾರೇನೋ?" ಎಂದು ಗೌಸುಸಾಬ ಮಗ್ಗುಲಲ್ಲಿ ಬೈಯುತ್ತಿದ್ದ. ಬೈಯುವಾಗ ಮುದುಕನ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಮರುದಿನ ಮುಂಜಾನೆ ಸಭಾಭವನ ತುಂಬಿತು. ಹಿಂದೆ ನನ್ನ ಅರಮನೆಯ ಸೀನು, ಅದರ ಮೇಲೆ ಬ್ಯಾನರ್. ಸಾವುಕಾರರ ಮಾತು ಮೀರದ ಹಾಗೆ ಕೀಬೋರ್ಡ್ ನಡುವೆ, ಕಾಲಪೇಟಿ ಮೂಲೆಯಲ್ಲಿ. ಹಾರ ಬಂತು, ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ನಿರ್ಮಲಾ ಬರಲಿಲ್ಲ. ಸಾವುಕಾರರು ಬಾಗಿಲಿಗೂ ಸ್ಟೇಜಿಗೂ ಓಡಾಡಿ ಬೆವರಿದ್ದರು. ಭಾಷಣ ಮಾಡುವವರಿಗೆ ಇನ್ನಷ್ಟು ಉದ್ದ ಮಾಡಿರಿ ಎಂದು ಚೀಟಿ ಕಳಿಸಬೇಕಾಯಿತು. ಅದೊಂದು ಕೆಲಸ ಭಾಷಣದವರು ಸಂತೋಷದಿಂದ ಮಾಡಿದರು.

ಆಮೇಲೆ ಬಾಗಿಲಲ್ಲಿ ಗದ್ದಲವಾಯಿತು. ನಿರ್ಮಲಾ ಬಂದಳು, ಅವಳ ಕೈ ಹಿಡಿದುಕೊಂಡು ಕಮರುನ್ನಿಸಾ. ಆಕೆಯನ್ನು ಮೊದಲ ಸಾಲಿನಲ್ಲಿ, ಪಂಚಾಯತಿ ಹಿರಿಯರ ನಡುವೆ ಕುರ್ಚಿ ಬಿಡಿಸಿ ಕೂಡಿಸಿದಳು. ನಿನ್ನೆ ಸಂಜೆ ಅವರಿಬ್ಬರ ನಡುವೆ ಏನು ಮಾತಾಯಿತೋ, ಇಂದಿಗೂ ನನಗೆ ಗೊತ್ತಿಲ್ಲ. ಇಬ್ಬರ ಕಣ್ಣೂ ಊದಿದ್ದವು.

ನಿರ್ಮಲಾ ಸ್ಟೇಜ್ ಹತ್ತಿದಳು. ಕೀಬೋರ್ಡ್ ದಾಟಿ ಮೂಲೆಯ ಕಾಲಪೇಟಿಯ ಹತ್ತಿರ ಹೋಗಿ ನಿಂತಳು. ಮೈಕ್ ಹಿಡಿದಿದ್ದ ಹುಡುಗನನ್ನು ಅಲ್ಲಿಗೇ ಕರೆದಳು.

"ಅನಿಲಾ, ಇಲ್ಲಿ ಬಾ. ಇದರ ಮುಂದ ಕುಂಡ್ರು. ಇದರಾಗ ಬಟನ್ ಇಲ್ಲ."

ಅನಿಲ ಬಂದು ಕೂತ. ಸಾವುಕಾರರು ಪಕ್ಕದಿಂದ ಬೇಡ ಬೇಡ ಎಂದು ಕೈಮಾಡುತ್ತಿದ್ದರು. ಅವಳು ಮೈಕಿನಲ್ಲೇ, ಇಡೀ ಭವನಕ್ಕೆ ಕೇಳುವ ಹಾಗೆ ಹೇಳಿದಳು:

"ಬಿಳಿ ಮೂರು ಹಿಡಿ."

ಮುಂದಿನ ಸಾಲಿನ ಹಳೆಯ ರಸಿಕರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮುದುಕ ಟೊಪ್ಪಿಗೆ ತೆಗೆದು ಕಿವಿ ತಿಕ್ಕಿಕೊಂಡ. ಹಿಂದಿನಿಂದ "ಏನಂದ್ಲು? ಬಿಳಿ ಮೂರ ಅಂದ್ಲೇನು?" ಎಂಬ ಗುಜುಗುಜು ಎದ್ದಿತು.

"ಹೌದ್ರಿ, ಬಿಳಿ ಮೂರು," ಎಂದಳು. "ಭಾಳ ವರ್ಷ ಆತು. ನನಗ ಗೊತ್ತಾಗಿದ್ದು ನಿನ್ನಿ." ಬ್ಯಾನರಿನ ಕಡೆಗೆ ಕೈ ತೋರಿಸಿದಳು. "ಅದು ಹಳೇ ಸುದ್ದಿ ಐತ್ರಿ. ಓದಬ್ಯಾಡ್ರಿ."

ಯಾರೂ ನಗಲಿಲ್ಲ. ಆಗ ಮೊದಲ ಸಾಲಿನಿಂದ ಕಮರುನ್ನಿಸಾ ದೊಡ್ಡ ದನಿಯಲ್ಲಿ ಕೇಳಿದಳು:

"ಬಿಳಿಗೆ ಬಂದ್ಯೇನ ನಿರ್ಮಲಾ? ಬಾ, ಬಾ. ಇಲ್ಲಿ ಜಾಗಾ ಭಾಳ ಐತಿ!"

ಭವನವೆಲ್ಲ ಗೊಳ್ಳೆಂದು ನಕ್ಕಿತು. ನಿರ್ಮಲಾಳೂ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಬಾಗಿದಳು. ಕರಿ ನಾಲ್ಕನ್ನು ದಾಟಿ ಮೂರನೆಯ ಬಿಳಿ ಮನೆಯನ್ನು ಒತ್ತಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ದೀಪ ಹಚ್ಚಲೇ ಸಖಿ ಎಂದು ಶುರುಮಾಡಿದಳು. ಪೇಟಿಯ ಕೆಳಗಿನ ಸ್ವರವೊಂದು ಸಣ್ಣಗೆ ಗೊರಗುಟ್ಟಿತು, ನಿನ್ನೆ ಅರ ತಾಗಿದ ನಾಲಿಗೆ. ಗೌಸುಸಾಬ ಹಲ್ಲು ಕಚ್ಚಿದ. ಎರಡನೆಯ ಸಾಲಿನಲ್ಲಿ ಅನಿಲನ ಬೆರಳು ತಪ್ಪಿತು. ಅವನು ಗಾಬರಿಯಾಗಿ ತುಳಿಯುವುದನ್ನೇ ನಿಲ್ಲಿಸಿದ. ಪೇಟಿ ಉಸಿರು ಬಿಟ್ಟು ಸುಮ್ಮನಾಯಿತು.

ನಿರ್ಮಲಾ ಹಾಡು ನಿಲ್ಲಿಸಿ ಅವನ ಕಡೆ ತಿರುಗಿದಳು. ನಿನ್ನೆಯಿಂದ ಅವನ ಮುಖ ನೋಡಿದ್ದು ಅದೇ ಮೊದಲು.

"ಅವಸರ ಇಲ್ಲೋ," ಎಂದಳು. "ಹುಡುಕು. ನಾ ನಿಂತಿರ್ತೀನಿ."

ಅವನು ಹುಡುಕಿದ. ಸಿಕ್ಕಿತು. ಅವಳು ಮೊದಲಿನಿಂದ ಎತ್ತಿಕೊಂಡಳು.